ಉದ್ಯೋಗದ ಲೆಕ್ಕ ಯಾವ ದಡದಿಂದ?

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದ ಹಳೆಯ ತಲೆಮಾರಿನವರಿಗೆ ಹರಿಹರದ ಸೇತುವೆ ಹತ್ತಿರ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೊಳೆತ ಮೊಟ್ಟೆಯಂಥ ವಾಸನೆಯೊಂದು ಮೂಗಿಗೆ ಬಡಿಯುತ್ತಿತ್ತು, ಜನ ಬಸ್ಸಿನ ಕಿಟಕಿ ಎಳೆದು ಮುಚ್ಚುತ್ತಿದ್ದರು. ಆ ವಾಸನೆಯನ್ನು ಎಲ್ಲರೂ ಹರಿಹರದ ಲೆಕ್ಕಕ್ಕೆ ಹಾಕುತ್ತಿದ್ದರು. ಆದರೆ ಕಾರ್ಖಾನೆ ಇರುವುದು ಹರಿಹರದಲ್ಲಲ್ಲ, ತುಂಗಭದ್ರೆಯ ಎಡದಂಡೆಯ ಕುಮಾರಪಟ್ಟಣದಲ್ಲಿ. ಅದು ರಾಣೆಬೆನ್ನೂರು ತಾಲೂಕಿನ ಊರು. ಹಿಂದೆ ಧಾರವಾಡ ಜಿಲ್ಲೆಗೆ ಸೇರಿತ್ತು, 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಕಾರ್ಖಾನೆಯ ಹೆಸರು ಮಾತ್ರ ಮೊದಲಿನಿಂದಲೂ ಹರಿಹರ ಪಾಲಿಫೈಬರ್ಸ್. ಒಂದು ದಡದ ಊರಿನಲ್ಲಿ ಕಾರ್ಖಾನೆ, ಇನ್ನೊಂದು ದಡದ ಊರಿಗೆ ಅದರ ಹೆಸರು ಮತ್ತು ಪೇಟೆಯ ವ್ಯಾಪಾರ, ನೀರು ಮಾತ್ರ ಕೆಳಗಿನ ಹಳ್ಳಿಗಳಿಗೆ. ಪ್ರಾದೇಶಿಕ ಅಭಿವೃದ್ಧಿಯ ಬಗ್ಗೆ ನಮ್ಮ ಸರ್ಕಾರಗಳು ಐವತ್ತು ವರ್ಷಗಳಿಂದ ಹಾಕಿಕೊಂಡು ಬಂದ ಲೆಕ್ಕದ ದೋಷವನ್ನು ತಿಳಿಯಲು ಈ ಊರಿಗಿಂತ ಒಳ್ಳೆಯ ಜಾಗ ಸಿಗಲಾರದು.

ಈ ಸೀಮೆಯ ಮಟ್ಟಿಗೆ 1972 ಮುಖ್ಯವಾದ ವರ್ಷ. ಆ ವರ್ಷ ಬಿರ್ಲಾ ಒಡೆತನದ ಗ್ವಾಲಿಯರ್ ರೇಯಾನ್ ಕಂಪನಿ, ಅಂದರೆ ಮುಂದೆ ಗ್ರಾಸಿಂ ಎಂದು ಹೆಸರು ಬದಲಿಸಿಕೊಂಡ ಕಂಪನಿ, ಕುಮಾರಪಟ್ಟಣದಲ್ಲಿ ರೇಯಾನ್ ತಯಾರಿಕೆಗೆ ಬೇಕಾದ ಮರದ ತಿರುಳನ್ನು ಮಾಡಲು ಶುರುಮಾಡಿತು. ಐದು ವರ್ಷದ ಮೇಲೆ ಅಲ್ಲೇ ನಾರಿನ ಘಟಕವೂ ಬಂತು. ಅದೇ 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿ ಹೊರಬಂತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ತಳಿಗಳಲ್ಲಿ ಅದೂ ಒಂದು. ಮೊದಲನೆಯದನ್ನು ಸರ್ಕಾರ 'ಕೈಗಾರಿಕೆ' ಎಂದು ಕರೆದು ಭೂಮಿ, ನೀರು, ಕಾಡು ಎಲ್ಲವನ್ನೂ ಒದಗಿಸಿತು. ಎರಡನೆಯದು ತನ್ನಷ್ಟಕ್ಕೆ ತಾನೇ ಹೊಲಗಳಲ್ಲಿ ಹರಡಿತು. ಹೈಬ್ರಿಡ್ ಹತ್ತಿಯ ಬೀಜ ಮಾಡಲು ಪ್ರತಿಯೊಂದು ಹೂವನ್ನೂ ಮನುಷ್ಯರ ಕೈಯಿಂದಲೇ ಮುಟ್ಟಬೇಕು. ಸಂಜೆ ಮೊಗ್ಗಿನ ಗಂಡು ಭಾಗವನ್ನು ತೆಗೆದು ಗುರುತು ಹಾಕಬೇಕು, ಮಾರನೆಯ ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಅದಕ್ಕೆ ಸವರಬೇಕು. ಒಂದು ಎಕರೆಗೆ ತಿಂಗಳುಗಟ್ಟಲೆ ಹತ್ತಾರು ಕೈಗಳು ಬೇಕು. ರಾಣೆಬೆನ್ನೂರು ಇವತ್ತು ಬೀಜೋತ್ಪಾದನೆಗೆ ದೇಶದಲ್ಲೇ ಹೆಸರಾಗಿದ್ದರೆ, ಹತ್ತಿಯಿಂದ ಟೊಮೆಟೊ, ಮೆಣಸಿನಕಾಯಿಯವರೆಗೆ ಕಂಪನಿಗಳು ಇಲ್ಲಿಯ ರೈತರಿಂದ ಬೀಜ ಮಾಡಿಸುತ್ತಿದ್ದರೆ, ಅದಕ್ಕೆ ಬಂಡವಾಳವಾದದ್ದು ಈ ಕೈಗಳೇ.

ಇವೆರಡರಲ್ಲಿ ಯಾವುದು ಉದ್ಯೋಗ ನೀತಿ ಎನಿಸಿಕೊಂಡಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಿಬಿಡೋಣ. ಮಳೆಯನ್ನೇ ನೆಚ್ಚಿದ ಸೀಮೆಯಲ್ಲಿ ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ ಸಣ್ಣ ವಿಷಯವಲ್ಲ. ಕಾಯಂ ಕೆಲಸ ಸಿಕ್ಕ ಮನೆಗಳಲ್ಲಿ ಮಕ್ಕಳು ಓದಿದರು, ಹೆಣ್ಣುಮಕ್ಕಳ ಮದುವೆ ಸಾಲವಿಲ್ಲದೆ ನಡೆಯಿತು, ಭವಿಷ್ಯನಿಧಿ ಎಂಬ ಪದ ಹಳ್ಳಿಯ ಬಾಯಿಗೆ ಬಂತು. ಪರಿಸರದ ಬಗ್ಗೆ ಬರೆಯುವ ನಮ್ಮಂಥವರು ಕಾರ್ಮಿಕನ ಮನೆಯ ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ದಾಟಿಸಿಬಿಡುತ್ತೇವೆ. ಹಾಗೆ ದಾಟಿಸಿದ್ದರಿಂದಲೇ ಅನೇಕ ಹೋರಾಟಗಳಲ್ಲಿ ಕಾರ್ಮಿಕನೂ ರೈತನೂ ಎದುರಾಬದುರಾ ನಿಲ್ಲುವಂತಾಯಿತು.

ಆದರೆ ಈ ಸಂಬಳಕ್ಕೆ ಯಾರು ಯಾರು ಪಾಲು ಕೊಟ್ಟರು? ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ, ಕಾರ್ಖಾನೆ ಶುರುವಾದ ಎರಡು ವರ್ಷದ ಮೇಲೆ. ಅಂದರೆ ನದಿಗೆ ಏನನ್ನು ಬಿಡಬಹುದು, ಬಿಡಬಾರದು ಎಂದು ಕೇಳುವ ಕಾನೂನು ಹುಟ್ಟುವ ಮೊದಲೇ ನದಿಯನ್ನು ಒಪ್ಪಿಸಿಯಾಗಿತ್ತು. 1980ರ ದಶಕದ ಹೊತ್ತಿಗೆ ಕೆಳಗಿನ ಹಳ್ಳಿಗಳಲ್ಲಿ ನೀರಿನ ಬಣ್ಣ, ಮೀನುಗಳ ಸಾವು, ಜಾನುವಾರುಗಳ ಕಾಯಿಲೆ, ಮೈ ತುರಿಕೆ ಇವುಗಳ ದೂರು ದಿನನಿತ್ಯದ ಮಾತಾಗಿತ್ತು. ಇದೇ ತಾಲೂಕಿನ ಮೆಡ್ಲೇರಿಯಲ್ಲಿ 1979ರಿಂದ ಗ್ರಾಮಾಭಿವೃದ್ಧಿ ಕೆಲಸಕ್ಕೆ ಇಳಿದಿದ್ದ ಎಸ್.ಆರ್. ಹಿರೇಮಠ ಮತ್ತು ಗೆಳೆಯರು 1984ರಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದ್ದು ಈ ಹಿನ್ನೆಲೆಯಲ್ಲಿ. ಆ ದಶಕದ ಸ್ಥಿತಿಯೇ ಇಂದಿಗೂ ಹಾಗೇ ಇದೆ ಎಂದು ನಾನು ಹೇಳುತ್ತಿಲ್ಲ. ತಂತ್ರಜ್ಞಾನ ಬದಲಾಗಿದೆ, ಕಾನೂನು ಬಿಗಿಯಾಗಿದೆ. ನನ್ನ ಪ್ರಶ್ನೆ ಬೇರೆ: ನದಿಯಲ್ಲಿ ಬಲೆ ಬೀಸಿ ಬದುಕುತ್ತಿದ್ದ ಅಂಬಿಗರ ಮನೆಯ ದುಡಿಮೆ ಹೋಯಿತೆನ್ನಿ, ಅದನ್ನು ಕಾರ್ಖಾನೆ ಕೊಟ್ಟ ಉದ್ಯೋಗದಿಂದ ಕಳೆದು ಲೆಕ್ಕ ಹಾಕಿದವರು ಯಾರಾದರೂ ಇದ್ದಾರೆಯೇ?

ನದಿಯ ಕಥೆಗಿಂತ ಕಾಡಿನ ಕಥೆ ಇನ್ನೂ ಸ್ಪಷ್ಟ. 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಧಾರವಾಡವೂ ಸೇರಿ ನಾಲ್ಕು ಜಿಲ್ಲೆಗಳ 30,000 ಹೆಕ್ಟೇರ್, ಅಂದರೆ ಸುಮಾರು 75,000 ಎಕರೆ ಭೂಮಿಯಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಯುವುದು ಅದರ ಉದ್ದೇಶ. ಗುತ್ತಿಗೆ ಅವಧಿ 40 ವರ್ಷ. ದೀರ್ಘಕಾಲದ ಯೋಜನೆ ಎಂದರೆ ಏನೆಂದು ಸರ್ಕಾರಕ್ಕೆ ಗೊತ್ತಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಗೊತ್ತಿತ್ತು. ಒಬ್ಬ ಗ್ರಾಹಕನಿಗಾಗಿ ನಲವತ್ತು ವರ್ಷ ಮುಂದಿನದನ್ನು ಯೋಚಿಸಲು ಅದಕ್ಕೆ ಸಾಧ್ಯವಾಗಿತ್ತು.

ಕಡತದಲ್ಲಿ ಈ ಭೂಮಿಯ ಹೆಸರು 'ಸಿ ಮತ್ತು ಡಿ ದರ್ಜೆ', ಅಂದರೆ ಹೆಚ್ಚುಕಡಿಮೆ ಪಾಳು. ಊರಿನವರಿಗೆ ಅದು ಪಾಳಾಗಿರಲಿಲ್ಲ. ಕುರಿ ಮೇಯುವ ಜಾಗ, ಸೌದೆ ಆರಿಸುವ ಜಾಗ, ಎತ್ತಿನ ಗಾಡಿಯ ಮೂಕಿಗೆ, ನೇಗಿಲಿಗೆ ಮರ ತರುವ ಜಾಗ. ಮೇದಾರನ ಬಿದಿರೂ ಇಂಥ ಕಾಡುಗಳದ್ದೇ. ಕಾಗದ, ರೇಯಾನ್ ಗಿರಣಿಗಳಿಗೆ ಟನ್ನಿನ ಲೆಕ್ಕದಲ್ಲಿ ಪುಡಿಗಾಸಿಗೆ ಬಿದಿರು ಹೋಗುತ್ತಿದ್ದ ಕಾಲದಲ್ಲಿ ಬುಟ್ಟಿ ಹೆಣೆಯುವವನು ಅದೇ ಬಿದಿರಿಗೆ ಪೇಟೆಯ ದರ ತೆರುತ್ತಿದ್ದ. ಶಿವರಾಮ ಕಾರಂತರು ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆಯಾಜ್ಞೆ ಬಂತು. ಆ ವರ್ಷದ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಗುಂಡಿಗಳಲ್ಲಿ ತಮಗೆ ಬೇಕಾದ ಮರಗಳನ್ನು ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಹೆಸರಿನ ಎರಡನೆಯ ಭಾಗವನ್ನು ನಾವು ಮರೆಯುತ್ತೇವೆ. ಅವರು ಬರೀ ಬೇಡ ಎನ್ನಲು ಬಂದವರಾಗಿರಲಿಲ್ಲ. ಯಾವ ಮರ ಯಾರಿಗೆ ದುಡಿಮೆ ಕೊಡುತ್ತದೆ ಎಂಬ ಬದಲಿ ಯೋಜನೆ ಅವರ ಕೈಯಲ್ಲಿತ್ತು. 1991ರಲ್ಲಿ ಸರ್ಕಾರ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಜನರ ಬದಲಿ ಯೋಜನೆಯನ್ನು ಮಾತ್ರ ಯಾವ ಇಲಾಖೆಯೂ ಎತ್ತಿಕೊಳ್ಳಲಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ಈ ದಡದಲ್ಲಿ ನಿಂತು ಓದಿದರೆ ಅದರ ಹಿರಿಮೆ, ಮಿತಿ ಎರಡೂ ಕಾಣುತ್ತವೆ. 2000ದಲ್ಲಿ ನೇಮಕವಾಗಿ 2002ರಲ್ಲಿ ವರದಿ ಕೊಟ್ಟ ಈ ಸಮಿತಿ ರಾಜ್ಯದ 175 ತಾಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಎಂದಿತು. ಬೆಂಗಳೂರೊಂದನ್ನೇ ಕರ್ನಾಟಕ ಎಂದು ತಿಳಿದವರ ಎದುರು ಅಂಕಿಅಂಶ ಇಟ್ಟು ಮಾತಾಡುವ ಧೈರ್ಯವನ್ನು ಅದು ತೋರಿತು. ಉತ್ತರ ಕರ್ನಾಟಕದ ಅಳಲು ಬರೀ ಭಾವುಕತೆಯಲ್ಲ ಎಂದು ಸಿದ್ಧವಾದದ್ದು ಆ ವರದಿಯಿಂದ.

ಆದರೆ ಅದರ ಅಳತೆಗೋಲು ತಾಲೂಕು. ಒಟ್ಟು ದುಡಿಯುವವರಲ್ಲಿ ಕೈಗಾರಿಕಾ ಕಾರ್ಮಿಕರು ಎಷ್ಟು ಎಂಬುದು ಅದರ ಒಂದು ಸೂಚಕ. ಕುಮಾರಪಟ್ಟಣದ ಗೇಟಿನ ಒಳಗೆ ಹೋಗುವವರು ಈ ಸೂಚಕದಲ್ಲಿ ತಾಲೂಕಿನ ಅಂಕ ಹೆಚ್ಚಿಸುತ್ತಾರೆ. ನದಿಯಲ್ಲಿ ಮೀನು ಕಡಿಮೆಯಾದರೆ ಯಾವ ತಾಲೂಕಿನ ಅಂಕವೂ ಕಡಿಮೆಯಾಗುವುದಿಲ್ಲ. ಕುಸನೂರಿನಲ್ಲಿ ಕುರಿ ಮೇಯುವ ಜಾಗ ಹೋದರೆ ಅದು 'ಪಾಳು ಭೂಮಿಯ ಅಭಿವೃದ್ಧಿ' ಎನಿಸಿಕೊಳ್ಳುತ್ತದೆ. ಲಾಭ ತಾಲೂಕಿನ ಗಡಿಯೊಳಗೆ ದಾಖಲಾಗುತ್ತದೆ, ನಷ್ಟ ಗಡಿ ದಾಟಿ ಹರಿದು ಹೋಗುತ್ತದೆ. ಸಮಿತಿಯ ನಿಷ್ಠೆಯನ್ನು ನಾನು ಪ್ರಶ್ನಿಸುತ್ತಿಲ್ಲ. ನದಿಯನ್ನು ತಾಲೂಕಿನ ಗಡಿಯನ್ನಾಗಿ ಮಾಡಿಕೊಂಡ ನಕ್ಷೆ ನದಿಯನ್ನು ಬದುಕಿನ ದಾರಿಯಾಗಿ ನೋಡಲಾರದು ಎಂಬುದಷ್ಟೇ ನನ್ನ ತಕರಾರು.

ಗೇಟನ್ನೇ ಉದ್ಯೋಗ ಎಂದು ನಂಬಿದರೆ ಮುಂದೇನಾಗುತ್ತದೆ ಎಂದು ತಿಳಿಯಲು ಕೇರಳದ ಮಾವೂರನ್ನು ನೋಡಬೇಕು. ಕೋಳಿಕ್ಕೋಡಿನ ಹತ್ತಿರ ಚಾಲಿಯಾರ್ ನದಿಯ ದಡದಲ್ಲಿ ಇದೇ ಗ್ವಾಲಿಯರ್ ರೇಯಾನ್ ಕಂಪನಿ 1963ರಲ್ಲಿ ತಿರುಳಿನ ಕಾರ್ಖಾನೆ ಆರಂಭಿಸಿತ್ತು. ಕುಮಾರಪಟ್ಟಣದ ಅಕ್ಕ ಎನ್ನಬಹುದು. ಟನ್ನಿಗೆ ಒಂದು ರೂಪಾಯಿಯಂತೆ ಬಿದಿರು ಕೊಡುವ ಕರಾರಿಗೆ ಸಹಿ ಹಾಕಿದ್ದು ಎಡಪಂಥೀಯ ಸರ್ಕಾರ ಎಂಬುದನ್ನು ಗಮನಿಸಿ. ಉದ್ಯೋಗದ ಹಸಿವಿಗೆ ಪಕ್ಷಭೇದವಿಲ್ಲ. 1985ರಲ್ಲಿ ಕಾರ್ಮಿಕ ವಿವಾದದಿಂದ ಕಾರ್ಖಾನೆ ನಿಂತು ಮೂರು ವರ್ಷ ಮುಚ್ಚಿತ್ತು. ಆ ಅವಧಿಯಲ್ಲಿ ಕಾರ್ಮಿಕರು ಆತ್ಮಹತ್ಯೆ ಮಾಡಿಕೊಂಡರು. ಇಡೀ ಪೇಟೆ ಒಂದೇ ಗೇಟಿಗೆ ಜೋತುಬಿದ್ದಿದ್ದರಿಂದ ಗೇಟು ಮುಚ್ಚಿದ ದಿನವೇ ಊರೂ ಮುಚ್ಚಿತು. 1988ರಲ್ಲಿ ಮತ್ತೆ ತೆರೆದಾಗ ಮಾಲಿನ್ಯದ ಪ್ರಶ್ನೆ ಎತ್ತಿದವರು ಉದ್ಯೋಗದ ಶತ್ರುಗಳೆನಿಸಿಕೊಂಡರು. ನದಿಯ ಆಚೆ ದಡದ ವಾಳಕ್ಕಾಡ್ ಪಂಚಾಯತಿನ ಅಧ್ಯಕ್ಷರಾಗಿದ್ದ ಕೆ.ಎ. ರಹಮಾನ್ ಈ ಹೋರಾಟವನ್ನು ದಶಕಗಳ ಕಾಲ ನಡೆಸಿ, 1999ರಲ್ಲಿ ಕ್ಯಾನ್ಸರಿಗೆ ತುತ್ತಾದರು. ಅದಾದ ಸ್ವಲ್ಪ ಕಾಲಕ್ಕೇ ಕಾರ್ಖಾನೆ ಶಾಶ್ವತವಾಗಿ ಬಾಗಿಲು ಹಾಕಿತು. ನದಿ ಚೇತರಿಸಿಕೊಂಡಿತು. ನೂರಾರು ಎಕರೆ ಭೂಮಿ ಖಾಲಿ ಬಿತ್ತು, ಅಲ್ಲಿ ಮುಂದೇನು ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಸಿಗಲಿಲ್ಲ.

ಮಾವೂರಿನವರೆಗೆ ಹೋಗಬೇಕಾಗಿಯೂ ಇಲ್ಲ. ಸೇತುವೆ ದಾಟಿದರೆ ಹರಿಹರ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. 'ಕಿರ್ಲೋಸ್ಕರ್‌ನಲ್ಲಿ ಕೆಲಸ' ಎಂದರೆ ಹೆಣ್ಣು ಕೊಡುವವರು ಮುಂದಿನ ಮಾತು ಕೇಳುತ್ತಿರಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಅದು ನಿಂತುಹೋಯಿತು. ದಾವಣಗೆರೆಯ ಹತ್ತಿ ಗಿರಣಿಗಳು ಅದಕ್ಕಿಂತ ಮೊದಲೇ ಒಂದೊಂದಾಗಿ ಹೋಗಿದ್ದವು. ಮೇಲ್ಗಡೆ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಆ ಕಾರ್ಖಾನೆಗೆ ನೆಡುತೋಪಿಗೆಂದು ಕೊಟ್ಟಿದ್ದ ಸುಮಾರು ಇಪ್ಪತ್ತು ಸಾವಿರ ಹೆಕ್ಟೇರ್ ಕಾಡಿನ ಗುತ್ತಿಗೆಯನ್ನು ಮಾತ್ರ 2020ರಲ್ಲಿ ಮತ್ತೆ 40 ವರ್ಷಕ್ಕೆ ವಿಸ್ತರಿಸಲಾಯಿತು. ಮಲೆನಾಡಿನವರು ಅಕೇಶಿಯಾ ಬೇಡ ಎಂದು ಬೀದಿಗಿಳಿದರು. ಕಾರ್ಖಾನೆ ಇಲ್ಲ, ಕೆಲಸ ಇಲ್ಲ, ಕಾರ್ಖಾನೆಯ ಹೆಸರಿನ ಗುತ್ತಿಗೆ ಇದೆ! ಇದನ್ನು ಬರೆಯುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇನ್ನು ಯಾರೂ ಯೋಜನೆ ಮಾಡದ ಉದ್ಯೋಗದ ಕಡೆ ನೋಡೋಣ. ಬ್ಯಾಡಗಿ ಕುಮಾರಪಟ್ಟಣದಿಂದ ದೂರವೇನಿಲ್ಲ. ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಅದರ ಬಣ್ಣವನ್ನು ತೆಗೆದು ಆಹಾರಕ್ಕೂ ಸೌಂದರ್ಯ ಸಾಧನಗಳಿಗೂ ಮಾರುತ್ತಾರೆ. ಈ ಬಣ್ಣ ತೆಗೆಯುವ ಉದ್ಯಮದ ದೊಡ್ಡ ಹೆಸರುಗಳು ಬಹುಪಾಲು ಕೇರಳದವು. ಹೊಲದಲ್ಲಿ ಕಾಯಿ ಬಿಡಿಸುವವರು, ಕಣದಲ್ಲಿ ಒಣಗಿಸುವವರು, ಚೀಲ ಹೊರುವ ಹಮಾಲರು, ಲಾರಿಯವರು, ದಲಾಲರ ಅಂಗಡಿಯ ಗುಮಾಸ್ತರು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು - ಇವರನ್ನೆಲ್ಲ ಒಂದು ಗೇಟಿನ ಮುಂದೆ ನಿಲ್ಲಿಸಿದರೆ ಅದು ಯಾವ ಗಾತ್ರದ ಕಾರ್ಖಾನೆಯಾದೀತು! ತೊಟ್ಟು ಬಿಡಿಸುವ ಹೆಂಗಸರಲ್ಲಿ ಎಲ್ಲ ಜಾತಿ ಮತಗಳ ಬಡವರಿದ್ದಾರೆ. ಕೂಲಿ ತೂಕದ ಲೆಕ್ಕದಲ್ಲಿ. ಖಾರದ ಧೂಳಿಗೆ ಕಣ್ಣು ಉರಿ, ಕೆಮ್ಮು. ಮುಖಕ್ಕೆ ಸೆರಗೇ ಮುಸುಕು. ಇವರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

2024ರ ಮಾರ್ಚ್ 11ರಂದು ದರ ಏಕಾಏಕಿ ಕುಸಿದಾಗ ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಇಟ್ಟರು. ಆ ಹಿಂಸೆಯನ್ನು ಸಮರ್ಥಿಸಲಾಗದು. ಪತ್ರಿಕೆಗಳು ಅದನ್ನು ಕಾನೂನು-ಸುವ್ಯವಸ್ಥೆಯ ಸುದ್ದಿಯಾಗಿಯೇ ಬರೆದವು. ಆದರೆ ಒಂದು ದೊಡ್ಡ ಕಾರ್ಖಾನೆ ಒಂದೇ ದಿನದಲ್ಲಿ ತನ್ನ ಕಾರ್ಮಿಕರ ಸಂಬಳವನ್ನು ಅರ್ಧಕ್ಕೆ ಇಳಿಸಿದರೆ ಅದನ್ನು ಕೈಗಾರಿಕಾ ವಿವಾದ ಎನ್ನುತ್ತೇವೆ. ಕಾರ್ಮಿಕ ಇಲಾಖೆ ಬರುತ್ತದೆ, ಸಚಿವರು ಮಾತುಕತೆಗೆ ಕೂರಿಸುತ್ತಾರೆ. ಮೆಣಸಿನಕಾಯಿ ಬೆಳೆದವನ ವರ್ಷದ ಸಂಬಳ ಟೆಂಡರಿನಲ್ಲಿ ಇಳಿದರೆ ಬರುವುದು ಪೊಲೀಸರು.

ಬೀಜದ ಕಥೆಯೂ ಇಷ್ಟೇ. ಅದನ್ನು ಹೊಗಳಿ ಕೂರುವಂತಿಲ್ಲ. ಕ್ರಾಸಿಂಗ್ ಕೆಲಸಕ್ಕೆ ಎಳೆಯ ಬೆರಳೇ ಚೆನ್ನ ಎಂದು ಶಾಲೆ ಬಿಡಿಸಿದ ಹೆಣ್ಣುಮಕ್ಕಳನ್ನು ದಕ್ಷಿಣ ಭಾರತದ ಹತ್ತಿ ಬೀಜದ ಹೊಲಗಳಲ್ಲಿ ದುಡಿಸಿದ ಇತಿಹಾಸ ದಾಖಲಾಗಿದೆ. ಕಂಪನಿಗೂ ರೈತನಿಗೂ ನಡುವೆ ಮಧ್ಯವರ್ತಿ. ಬೀಜ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ನಷ್ಟ ರೈತನದು. ಪರೀಕ್ಷೆ ಮಾಡುವವನೂ ಕೊಳ್ಳುವವನೂ ಒಬ್ಬನೇ ಆಗಿರುವ ವ್ಯವಹಾರದಲ್ಲಿ ಸೋಲುವವರು ಯಾರೆಂದು ಹೇಳಬೇಕೇ? ಆದರೂ ಹತ್ತು ಗುಂಟೆ ಜಮೀನಿದ್ದವನೂ ನೆರಳು ಪರದೆ ಕಟ್ಟಿ ಬೀಜ ಮಾಡಿ ಮಕ್ಕಳನ್ನು ಓದಿಸಿದ ಉದಾಹರಣೆಗಳು ಈ ತಾಲೂಕಿನಲ್ಲಿವೆ. ಕರಾರಿಗೆ ಕಾನೂನಿನ ಬಲ, ಪರೀಕ್ಷೆಗೆ ಮೂರನೆಯವರ ಪ್ರಯೋಗಾಲಯ, ಕೆಲಸಗಾರ್ತಿಗೆ ಕನಿಷ್ಠ ಕೂಲಿ - ಇದಕ್ಕೆ 75,000 ಎಕರೆ ಕಾಡೇನೂ ಬೇಕಿಲ್ಲ.

ರಾಣೆಬೆನ್ನೂರು ತಾಲೂಕಿನ ತುಮ್ಮಿನಕಟ್ಟಿಯ ಕೈಮಗ್ಗದವರು, ಮೆಡ್ಲೇರಿಯ ಕಂಬಳಿ ನೇಯುವವರು, ಊರೂರು ಸುತ್ತಿ ಹತ್ತಿ ಹಿಂಜಿ ಗಾದಿ ಮಾಡಿಕೊಡುತ್ತಿದ್ದ ಪಿಂಜಾರರು ಇದೇ ಕಥೆಯ ಇನ್ನಷ್ಟು ಪುಟಗಳು. ಪಿಂಜಾರರ ಮಾತು ಇಲ್ಲಿ ವಿಶೇಷವಾಗಿ ಬರಬೇಕು. ಹತ್ತಿಯನ್ನೇ ನಂಬಿದ ಈ ಸೀಮೆಯಲ್ಲಿ ಹತ್ತಿಯ ಕೆಲಸವನ್ನೇ ಕುಲಕಸುಬಾಗಿ ಉಳಿಸಿಕೊಂಡಿದ್ದ ಸಮುದಾಯ ಅದು. ಯಂತ್ರ ಬಂತು, ಫೋಮಿನ ಹಾಸಿಗೆ ಬಂತು, ಕೃತಕ ನಾರು ಬಂತು. ಹತ್ತಿಗೆ ಬದಲಿಯಾಗಿ ಬಂದ ರೇಯಾನಿಗೆ ತಿರುಳು ತಯಾರಾದದ್ದು ಅವರದೇ ತಾಲೂಕಿನಲ್ಲಿ ಎಂಬುದು ಕ್ರೂರ ಕಾಕತಾಳೀಯ. ಬಿಲ್ಲು ಹಿಡಿದ ಕೈಗಳು ಗ್ಯಾರೇಜು, ಹಮಾಲಿ, ತಳ್ಳುಗಾಡಿಗಳಿಗೆ ಹೋದವು. 2006ರ ಸಾಚಾರ್ ವರದಿ ಹೇಳಿದಂತೆ ದುಡಿಯುವ ಮುಸ್ಲಿಮರಲ್ಲಿ ನೂರಕ್ಕೆ 61ರಷ್ಟು ಮಂದಿ ಸ್ವಂತ ದುಡಿಮೆಯವರು. ಸ್ವಂತ ದುಡಿಮೆ ಎಂಬ ಪದ ಕೇಳಲು ಚೆನ್ನಾಗಿದೆ. ಸಾಲ ಕೊಡುವ ಬ್ಯಾಂಕು, ಕುಳಿತುಕೊಳ್ಳಲು ಜಾಗ, ಕಾಯಿಲೆ ಬಿದ್ದರೆ ವಿಮೆ ಇಲ್ಲದ ಕಡೆ ಅದರ ಅರ್ಥ, ಯಾವ ಗೇಟಿನೊಳಗೂ ಬಿಟ್ಟುಕೊಳ್ಳಲಿಲ್ಲ ಎಂಬುದೇ. ಇದು ಒಂದು ಸಮುದಾಯದ ಅಳಲಲ್ಲ. ಅಂಬಿಗ, ಮೇದಾರ, ಕುರುಬ, ನೇಕಾರ, ಪಿಂಜಾರ ಇವರೆಲ್ಲ ಸರ್ಕಾರದ ಉದ್ಯೋಗ ಯೋಜನೆಯ ಹೊರಗೆ ಅಕ್ಕಪಕ್ಕದಲ್ಲೇ ನಿಂತಿದ್ದಾರೆ.

ಗೇಟಿನ ಒಳಗಾದರೂ ನೆಮ್ಮದಿ ಇದೆಯೇ? ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ಗುತ್ತಿಗೆ ಕಾರ್ಮಿಕರ ಪಾಲು ನೂರಕ್ಕೆ ನಲವತ್ತರ ಆಸುಪಾಸಿಗೆ ಬಂದಿದೆ. ಅಪ್ಪನಿಗೆ ಸಿಕ್ಕ ಕಾಯಂ ಕೆಲಸ ಮಗನಿಗೆ ಗುತ್ತಿಗೆದಾರನ ಪಟ್ಟಿಯಲ್ಲಿ ಸಿಗುವ ಕಾಲ ಇದು. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದ್ದಲ ಮಾಡಿದೊಡನೆ ತಡೆಹಿಡಿಯಿತು. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು ಈ ಚರ್ಚೆ ನಡೆದೇ ಇದೆ. ಕನ್ನಡಿಗರಿಗೆ ಕೆಲಸ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗೇಟಿನ ಒಳಗೆ ಯಾರು ಹೋಗಬೇಕು ಎಂದು ನಾವು ಜಗಳವಾಡುತ್ತಿರುವಾಗ, ಒಳಗೆ ಉಳಿದಿರುವುದು ಎಂಥ ಕೆಲಸ, ಹೊರಗೆ ಹೋದದ್ದು ಎಷ್ಟು ಕೆಲಸ ಎಂದು ಕೇಳುವವರಿಲ್ಲ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ 2025-30ರ ಕೈಗಾರಿಕಾ ನೀತಿ ಏಳೂವರೆ ಲಕ್ಷ ಕೋಟಿ ರೂಪಾಯಿ ಬಂಡವಾಳ, ಇಪ್ಪತ್ತು ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ತಾಲೂಕುಗಳನ್ನು ಮೂರು ವಲಯ ಮಾಡಿ, ಹಿಂದುಳಿದ ಕಡೆ ಬರುವವರಿಗೆ ಹೆಚ್ಚು ರಿಯಾಯಿತಿ ಎಂದಿದೆ. ಪ್ರಾದೇಶಿಕ ಅಸಮಾನತೆಯನ್ನು ಹೊಸದಾಗಿ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ನೇಮಕವಾಯಿತು. ಇಂಥ ಸಮಿತಿಗಳ ಅಳತೆಗೋಲಿಗೆ ಸೇರಿಸಬೇಕಾದ ಕೆಲವು ಸರಳ ಸೂಚಕಗಳಿವೆ. ಒಂದು ತಾಲೂಕಿನ ಕಾರ್ಖಾನೆ ಕುಡಿದ ನೀರು ಕೆಳಗಿನ ಯಾವ ತಾಲೂಕಿನದು. ಬ್ಯಾಡಗಿಯಲ್ಲಿ ಒಂದು ಕಿಲೋ ಕಾಯಿಯ ತೊಟ್ಟು ಬಿಡಿಸಿದ ಹೆಂಗಸಿಗೆ ಬಂದದ್ದು ಎಷ್ಟು. ರಾಣೆಬೆನ್ನೂರಿನ ರೈತನ ಬೀಜ ಯಾವ ದರಕ್ಕೆ ಹೋಯಿತು, ಅದೇ ಬೀಜ ಪೊಟ್ಟಣವಾಗಿ ಯಾವ ದರಕ್ಕೆ ಹಿಂತಿರುಗಿತು. ಇವಕ್ಕೆ ಉತ್ತರ ಬೆಂಗಳೂರಿನ ಕಡತಗಳಲ್ಲಿ ಸಿಗುವುದಿಲ್ಲ, ಸೇತುವೆಯ ಈಚೆಗೆ ಇಳಿದು ಕೇಳಬೇಕು. ಮೆಣಸಿನಕಾಯಿ ಹಂಗಾಮು ಜನವರಿಯಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ಬಂದರೆ ಕೇಳಬೇಕಾದವರೆಲ್ಲ ಒಂದೇ ಕಣದಲ್ಲಿ ಸಿಗುತ್ತಾರೆ.